ಬಸವನಹುಳುವಿನ ಚಕ್ರಬಡ್ಡಿ



ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವಮಾನವೆಲ್ಲ ಬಡ್ಡಿ ಲೆಕ್ಕ ಬರೆದವನು ನಾನು. ನಿವೃತ್ತನಾದ ಮೇಲೆ ಅದೇ ಲೆಕ್ಕದಲ್ಲಿ ಒಂದು ಹುಳು ನನ್ನನ್ನು ಸೋಲಿಸಿತು.

ಒಂದು ಮಳೆಗಾಲ ಗೊಬ್ಬರಗುಂಡಿಯ ಬಳಿ ಅಂಗೈಯಗಲದ ನಾಲ್ಕು ಬಸವನಹುಳು ಕಂಡವು. ನಾವು ಬಸವನಹುಳು ಎನ್ನಲಿ, ನೆರೆಯವರು ಮಲಯಾಳದಲ್ಲಿ ಒಚ್ಚ್ ಎನ್ನಲಿ, ಅದು ಆಫ್ರಿಕದ ದೈತ್ಯ ಹುಳು. 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟದ್ದು. 'ನಾಲ್ಕು ತಾನೆ' ಎಂದು ಬೇಲಿಯಾಚೆ ಎಸೆದೆ. ಮೂರನೆಯ ಮಳೆಗಾಲಕ್ಕೆ ನನ್ನ ಬಸಳೆಯೂ ಉಳಿಯಲಿಲ್ಲ, ಪಕ್ಕದವರ ಬಾಳೆಸಸಿಯೂ ಉಳಿಯಲಿಲ್ಲ. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.

1966ರಲ್ಲಿ ಅಮೆರಿಕದ ಮಯಾಮಿಗೆ ಒಬ್ಬ ಹುಡುಗ ಹವಾಯಿಯಿಂದ ಇಂಥ ಮೂರು ಹುಳು ತಂದ. ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷದಲ್ಲಿ ಅವು 18,000 ದಾಟಿದವು. ಇದನ್ನು ಖಾತೆಗೆ ಹಾಕೋಣ. ಸರಾಸರಿ ವರ್ಷಕ್ಕೆ ಸುಮಾರು ಮೂರೂವರೆ ಪಟ್ಟು. ಮೊದಲ ವರ್ಷಾಂತ್ಯಕ್ಕೆ 10, ಎರಡಕ್ಕೆ 36, ಮೂರಕ್ಕೆ 125. ಯಾರಿಗೂ ಗಾಬರಿಯಿಲ್ಲ. ಆರನೆಯದಕ್ಕೆ 5,200, ಏಳನೆಯದಕ್ಕೆ 18,000! ಮುಕ್ಕಾಲು ಪಾಲಿನಷ್ಟು ಹುಳು ಕೊನೆಯ ವರ್ಷದ ಬಡ್ಡಿ. 1975ರ ಹೊತ್ತಿಗೆ ಅವನ್ನು ನಿರ್ಮೂಲ ಮಾಡಿದರು. ಖರ್ಚು ಹತ್ತು ಲಕ್ಷ ಡಾಲರ್.

ಬಡ್ಡಿ ಎಂದೆಂದೂ ಬೆಳೆಯದು. ಮೇವು, ಜಾಗ ಮುಗಿದಂತೆ ಏರಿಕೆ ನಿಧಾನವಾಗುತ್ತದೆ. ಬೆಲ್ಜಿಯಂನ ವೆರ್‌ಹುಲ್ಸ್ಟ್ 1838ರಲ್ಲೇ ಇದಕ್ಕೆ ಸೂತ್ರ ಬರೆದರು. ಆದರೆ ಅಷ್ಟರಲ್ಲಿ ತೋಟ ಮುಗಿದಿರುತ್ತದೆ.

ನಮಗೆ ಉಪಕಾರದ ಲೆಕ್ಕ ಬೇರೊಂದಿದೆ. ಬ್ಯಾಂಕಿನ ಖಾತೆಗೆ ಕನಿಷ್ಠ ಶಿಲ್ಕು ಇದ್ದ ಹಾಗೆ ಎಷ್ಟೋ ಜೀವಿಗಳಿಗೂ ಒಂದು ಕನಿಷ್ಠ ಸಂಖ್ಯೆ ಇದೆ. ಅದಕ್ಕಿಂತ ಕಡಿಮೆಯಾದರೆ ಜೋಡಿ ಸಿಗದೆ ವಂಶ ತಾನಾಗಿ ಕ್ಷೀಣಿಸುತ್ತದೆ. ಅಮೆರಿಕದ ಪ್ರಾಣಿವಿಜ್ಞಾನಿ ಆಲೀ ಅವರ ಹೆಸರಿನಿಂದ ಇದನ್ನು ಕರೆಯುತ್ತಾರೆ. ಆದುದರಿಂದ ನಾಲ್ಕು ಇರುವಾಗ ಹೆಕ್ಕಿದ ಒಂದು ಹುಳು, ನಾಲ್ಕು ಸಾವಿರ ಇರುವಾಗ ಹೆಕ್ಕಿದ ನೂರಕ್ಕಿಂತ ಹೆಚ್ಚು.

ಸಂಜೆ ಒದ್ದೆ ಗೋಣಿಯ ಮೇಲೆ ಪಪ್ಪಾಯಿ ಎಲೆ ಇಡಿ. ಬಂದು ಸೇರಿದ ಹುಳುಗಳನ್ನು ಉಪ್ಪುನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಮಿದುಳುಪೊರೆಗೆ ಬಾವು ತರುವ ಪರೋಪಜೀವಿ ಅದರಲ್ಲಿ ಇರಬಹುದು. ನರ್ಸರಿಯ ಗಿಡ ತಂದರೆ ಬುಡದ ಮಣ್ಣು ನೋಡಿ.

ಬೇಲಿಯಾಚೆ ಮಾತ್ರ ಎಸೆಯಬೇಡಿ. ಬೇಲಿಯಾಗಲಿ, ರಾಜ್ಯದ ಗಡಿಯಾಗಲಿ ಹುಳುವಿಗೆ ಗೊತ್ತಿಲ್ಲ. ಎರಡು ಕಡೆಯವರೂ ಒಂದೇ ವಾರದಲ್ಲಿ ಹೆಕ್ಕಿದರೆ ಮಾತ್ರ ಆ ಖಾತೆ ಮುಚ್ಚೀತು.