ಆಬರ್ನ್ ಬೀದಿಯ ನೆರೆಹೊರೆ

ಅಟ್ಲಾಂಟಾದ ಆಬರ್ನ್ ಅವೆನ್ಯೂ, 501ನೇ ನಂಬರಿನ ಮನೆ. ಎರಡಂತಸ್ತು, ಮುಂದೆ ಜಗಲಿ. 1929ರ ಜನವರಿ 15ರಂದು ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದು ಇದರ ಮಹಡಿಯ ಕೋಣೆಯಲ್ಲಿ. ಎದುರಿಗೇ ದುಡಿಯುವವರ ಸಾಲುಮನೆಗಳು, ಥೇಟ್ ನಮ್ಮ ವಠಾರ. ಒಂದು ಕೋಣೆ ದಾಟಿಯೇ ಇನ್ನೊಂದಕ್ಕೆ ಹೋಗಬೇಕು. ಉಳ್ಳವರೂ ಇಲ್ಲದವರೂ ಒಂದೇ ಬೀದಿಯಲ್ಲಿ. ಇದು ಬರೀ ಸೌಹಾರ್ದವಲ್ಲ, ವರ್ಣಭೇದ ಕಪ್ಪುಜನರನ್ನು ಅಲ್ಲಿಗೆ ಒತ್ತಿತ್ತು. ಆ ಇಕ್ಕಟ್ಟಿನಲ್ಲೇ ಅವರು ಚರ್ಚು, ಪತ್ರಿಕೆ, ವಿಮಾ ಕಂಪನಿ ಕಟ್ಟಿಕೊಂಡರು. ವಿಮಾ ಕಂಪನಿಯ ಸ್ಥಾಪಕ ಅಲೊಂಜೊ ಹರ್ನ್‌ಡನ್ ಹುಟ್ಟಿದ್ದು ಗುಲಾಮನಾಗಿ, ಸಂಪಾದಿಸಿದ್ದು ಕ್ಷೌರದ ಅಂಗಡಿಯಿಂದ!

ಆಮೇಲೆ ಹೆದ್ದಾರಿ ಬಂತು. ಬೀದಿಯನ್ನೇ ಎರಡು ಹೋಳು ಮಾಡಿತು. ಇಂಥದೇ ರಸ್ತೆಗೆಂದು ಅಳತೆ ಟೇಪು ಹಿಡಿದವರು ನಾಳೆ ನಿಮ್ಮ ಬಡಾವಣೆಗೂ ಬಂದಾರು. ಗೋಡೆಗಳ ಜೊತೆಗೆ ನೆರೆಹೊರೆಯನ್ನೂ ಅಳೆಯಿರಿ ಅಂತ ಅವರಿಗೆ ಹೇಳಿ.