ಪ್ರೋಗ್ರೆಸ್ ಎಂದರೆ ಹೆಜ್ಜೆ
(ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನನಗೆ ಕೊಟ್ಟ ವಿಷಯ ‘ಸಮಾಜದ ಪ್ರಗತಿ’. ಸರ್ಕಾರಿ ಇಂಜಿನಿಯರನಾಗಿದ್ದವನಿಗೆ ಇದು ಹೊಸ ಮಾತಲ್ಲ. ತಿಂಗಳು ತಿಂಗಳು ಪ್ರೋಗ್ರೆಸ್ ರಿಪೋರ್ಟ್ ಬರೆದೇ ಸೇವೆ ಸವೆಸಿದ್ದೇನೆ. ಒಂದು ಕಾಲಂನಲ್ಲಿ ಭೌತಿಕ ಪ್ರಗತಿ, ಪಕ್ಕದಲ್ಲಿ ಆರ್ಥಿಕ ಪ್ರಗತಿ. ಕೆಲಸ ಎಷ್ಟಾಯಿತು, ದುಡ್ಡು ಎಷ್ಟು ಖರ್ಚಾಯಿತು, ಅಷ್ಟೇ. ನಿವೃತ್ತನಾದ ಮೇಲೆ ಪುರಸೊತ್ತಾಗಿ ನಿಘಂಟು ತೆರೆದು ಆ ಪದದ ಮೂಲ ನೋಡಿದೆ.

ಅದು ಲ್ಯಾಟಿನ್ನಿನಿಂದ ಬಂದದ್ದು. ‘ಪ್ರೊ’ ಎಂದರೆ ಮುಂದೆ, ‘ಗ್ರಾದುಸ್’ ಎಂದರೆ ಹೆಜ್ಜೆ, ಮೆಟ್ಟಿಲು. ರಸ್ತೆಯ ಗ್ರೇಡಿಯಂಟ್, ಕಾಲೇಜಿನ ಡಿಗ್ರಿ, ಗ್ರಾಜುಯೇಟ್ ಎಲ್ಲವೂ ಅದೇ ಮನೆತನದವು. ಕಾಂಗ್ರೆಸ್ ಅಂದರೂ ಹೆಜ್ಜೆಹಾಕಿ ಬಂದು ಒಂದೆಡೆ ಕೂಡುವುದೇ. ರಾಜಕೀಯವಲ್ಲ, ಪದದ ಅರ್ಥ ಹೇಳುತ್ತಿದ್ದೇನೆ! ಹಿಂದೆ ಇಂಗ್ಲಿಷರು ಪ್ರಯಾಣಕ್ಕೂ ಪ್ರೋಗ್ರೆಸ್ ಅನ್ನುತ್ತಿದ್ದರು. 16ನೇ ಶತಮಾನದಲ್ಲಿ ಮೊದಲನೇ ಎಲಿಜಬೆತ್ ರಾಣಿ ಬೇಸಿಗೆಯಲ್ಲಿ ಪರಿವಾರ ಕಟ್ಟಿಕೊಂಡು ನಾಡು ಸುತ್ತುತ್ತಿದ್ದುದಕ್ಕೂ ಅದೇ ಹೆಸರು. 1678ರಲ್ಲಿ ಜಾನ್ ಬನ್ಯನ್ ಪ್ರಕಟಿಸಿದ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಒಬ್ಬ ಯಾತ್ರಿಕ ನಡೆದುಹೋದ ಕಥೆ.

ಇದಕ್ಕೆ ಬದಲಾಗಿ ಬಳಸುವ ಮಾತುಗಳು ಬೇರೆ ಇವೆ. ‘ಅಡ್ವಾನ್ಸ್’ನಲ್ಲಿ ಕಾಲೇ ಇಲ್ಲ, ಮುಂದೆ ಇರುವುದಷ್ಟೇ ಇದೆ. ಒಬ್ಬ ಮುಂದಾದರೆ ಇನ್ನೊಬ್ಬ ಹಿಂದಾಗಲೇಬೇಕು. ‘ಡೆವಲಪ್‌ಮೆಂಟ್’ ಎಂದರೆ ಸುತ್ತಿಟ್ಟದ್ದನ್ನು ಬಿಚ್ಚುವುದು. ಕಾಲೆತ್ತಿ ಇಡುವ ಶ್ರಮ ಇರುವುದು ಪ್ರೋಗ್ರೆಸ್ಸಿನಲ್ಲಿ.

ಇನ್ನು ನಮ್ಮ ಮಾತಿಗೆ ಬರೋಣ. ಪ್ರಗತಿಯೊಳಗಿನ ‘ಗತಿ’ ಹುಟ್ಟಿದ್ದು ‘ಗಮ್’ ಧಾತುವಿನಿಂದ, ಅಂದರೆ ಹೋಗು. ಜಂಗಮ ಹುಟ್ಟಿದ್ದೂ ಅದರಿಂದಲೇ. ಪ್ರಗತಿ, ಜಂಗಮ ಒಡಹುಟ್ಟಿದ ಮಾತುಗಳು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಆಚಾರದ ‘ಚರ್’ ಕೂಡ ನಡೆಯುವುದೇ. ಕನ್ನಡದ ‘ನಡೆ’ಯಂತೂ ಕಾಲಿನ ನಡಿಗೆಗೂ ಬಾಳಿನ ರೀತಿಗೂ ಒಂದೇ ಪದ.

ಇಂಥ ಜಂಗಮವನ್ನು ನಾವೇನು ಮಾಡಿದ್ದೇವೆ? ಹುಟ್ಟಿನ ಜಾತಿ ಮಾಡಿ ಪ್ರಮಾಣಪತ್ರದಲ್ಲಿ ಕೂರಿಸಿದ್ದೇವೆ. ಚಲಿಸಬೇಕಾದ ಪದವನ್ನೇ ಸ್ಥಾವರ ಮಾಡಿದ್ದೇವೆ. ವೇದಿಕೆಯ ಮೇಲೆ ಸಮಾನತೆಯ ಮಾತಾಡಿ, ಹೆಣ್ಣು ಗಂಡಿನ ಸಂಬಂಧ ಕುದುರಿಸುವಾಗ ಮೊದಲು ಕೇಳುವುದು ‘ಒಳಪಂಗಡ ಯಾವುದು?’ ಎಂದೇ. ಹೀಗೆ ಕೇಳುವವರಲ್ಲಿ ಡಿಗ್ರಿ ಪಡೆದವರು ಕಡಿಮೆಯೇನಿಲ್ಲ.

ಸಿದ್ಧರಾಮ ಶಿವಯೋಗಿಗಳು ನನ್ನ ವೃತ್ತಿಗೆ ಹತ್ತಿರದವರು. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು. ನಮ್ಮ ಇಲಾಖೆಯ ಲೆಕ್ಕದಲ್ಲಿ ಪ್ರಗತಿ ನೂರಕ್ಕೆ ನೂರು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಆ ಕೆಲಸದ ಜಾಗಕ್ಕೇ ಬಂದು ಅವರನ್ನು ಕೆಣಕುತ್ತಾರೆ. ವಾದ ಬಿರುಸಾಗಿಯೇ ನಡೆಯುತ್ತದೆ. ಕಡೆಗೆ ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣಕ್ಕೆ ಹೊರಡುತ್ತಾರೆ. ಅಲ್ಲಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ. ಅಷ್ಟು ದೊಡ್ಡ ಹೆಸರಿದ್ದವರು ಮತ್ತೆ ಶಿಷ್ಯರಾಗಿ ನಿಂತರು. ಕೆರೆ ಕಟ್ಟಿಸಿದ್ದು ಕಡಿಮೆ ಕೆಲಸ ಎಂದು ನಾನು ಹೇಳಲಾರೆ, ನೀರಿನ ಬೆಲೆ ಗೊತ್ತಿದೆ. ಆದರೆ ಸೊನ್ನಲಿಗೆಯಿಂದ ಕಲ್ಯಾಣಕ್ಕೆ ಇಟ್ಟ ಹೆಜ್ಜೆಗೆ ನಾನು ಬರೆದ ಯಾವ ರಿಪೋರ್ಟಿನಲ್ಲೂ ಕಾಲಂ ಇರಲಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಈ ಸಭಾಭವನದ ಜಗಲಿ 3 ಅಡಿ ಎತ್ತರವಿದೆ. ಇವತ್ತು ಕೂಡ ಇಬ್ಬರು ಅಜ್ಜಿಯರನ್ನು ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದರು. ಗಾಲಿಕುರ್ಚಿಗೆ 12ಕ್ಕೆ 1ರ ಇಳಿಜಾರು ಬೇಕು. 3 ಅಡಿಗೆ 36 ಅಡಿ ಉದ್ದ, ನಡುವೆ ದಣಿವಾರಿಸಿಕೊಳ್ಳಲು ಒಂದಿಷ್ಟು ಸಮತಟ್ಟು. ಉತ್ತರದ ಗೋಡೆಯ ಪಕ್ಕ ಅಳೆದು ನೋಡಿದ್ದೇನೆ, ಜಾಗ ಸಾಕು. ನಕ್ಷೆ, ಅಂದಾಜುಪಟ್ಟಿ ನಾನೇ ಮಾಡಿಕೊಡುತ್ತೇನೆ. ಪೂಜ್ಯರ ಅಪ್ಪಣೆಯಾದರೆ ಬರುವ ಸೋಮವಾರವೇ ಸುಣ್ಣದ ಗುರುತು ಹಾಕಿಸೋಣ.