ತಂತ್ರವಲ್ಲ, ತಾಪತ್ರಯ

ಬ್ಯಾಟಿಂಗ್ ಕ್ರಮಾಂಕ ಬದಲಾಯಿತೆಂದರೆ ಸಾಕು, ಅದರ ಹಿಂದೆ ನಾಯಕನ ಚಾಣಾಕ್ಷತನ ಹುಡುಕುವುದು ಕ್ರಿಕೆಟ್ ಪ್ರೇಮಿಗಳ ಅಭ್ಯಾಸ. 2007ರ ಜನವರಿಯ ಕೇಪ್‌ಟೌನ್ ಟೆಸ್ಟನ್ನು ನೋಡಿ. ಎರಡನೆಯ ಇನ್ನಿಂಗ್ಸಿನಲ್ಲಿ ಭಾರತ ಆರು ರನ್ನಿಗೆ ಎರಡು ವಿಕೆಟ್ ಕಳೆದುಕೊಂಡಿತು. ದ್ರಾವಿಡ್ ಜೊತೆಗೂಡಲು ಬರಬೇಕಿದ್ದ ಸಚಿನ್ ಬದಲು ಸೌರವ್ ಗಂಗೂಲಿ ಬಂದರು. ಎಡಗೈ ಆಟಗಾರನನ್ನು ಕಳಿಸಿ ದಕ್ಷಿಣ ಆಫ್ರಿಕದ ವೇಗಿಗಳ ಲಯ ಕೆಡಿಸುವ ಹಂಚಿಕೆಯಿದು ಎಂದು ಅಂಕಪಟ್ಟಿ ಓದಿದವರು ವಾದಿಸಬಹುದು. ವಾದ ಸೊಗಸಾಗಿಯೇ ಇರುತ್ತದೆ. ನಡೆದದ್ದು ಬೇರೆ. ಎದುರಾಳಿಗಳ ಇನ್ನಿಂಗ್ಸಿನ ಕೊನೆಯಲ್ಲಿ ಸಚಿನ್ ಮೈದಾನದ ಹೊರಗಿದ್ದರು. ಹೊರಗಿದ್ದಷ್ಟೇ ಹೊತ್ತು ಕಳೆಯುವ ತನಕ ಅವರು ಬ್ಯಾಟಿಂಗಿಗೆ ಇಳಿಯುವಂತಿರಲಿಲ್ಲ. ನಂತರದ ಸರದಿಯ ಲಕ್ಷ್ಮಣ್ ಸ್ನಾನ ಮಾಡುತ್ತಿದ್ದರು. ಗಂಗೂಲಿ ಇನ್ನೂ ಟ್ರ್ಯಾಕ್‌ಸೂಟಿನಲ್ಲಿದ್ದರು. ಗಡಿಬಿಡಿಯಲ್ಲಿ ಅವರು ಸಜ್ಜಾಗಿ ಬರುವಷ್ಟರಲ್ಲಿ ಆರು ನಿಮಿಷ ಕಳೆದಿತ್ತು. ನಿಯಮ ಕೊಡುವುದು ಮೂರೇ. ಎದುರಾಳಿ ನಾಯಕ ಗ್ರೇಮ್ ಸ್ಮಿತ್ ಮನವಿ ಮಾಡಲಿಲ್ಲ, ಅದು ಅವರ ದೊಡ್ಡತನ. ಮಾಡಿದ್ದರೆ, ತಡವಾಗಿ ಬಂದದ್ದಕ್ಕೆ ಔಟಾದ ಟೆಸ್ಟ್ ಇತಿಹಾಸದ ಮೊದಲ ಆಟಗಾರ ಗಂಗೂಲಿಯಾಗುತ್ತಿದ್ದರು. ಅವರು 46 ರನ್ ಗಳಿಸಿದರು, ಭಾರತ ಸೋತಿತು. ಗೆದ್ದಿದ್ದರೆ ಈ ಬಡ್ತಿಗೆ ಎಷ್ಟು ಜಾಣ ಕಾರಣಗಳು ಹುಟ್ಟುತ್ತಿದ್ದವೋ!

ಹಾಗಾದರೆ ತಂತ್ರವೆಂಬುದೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. 1937ರ ಮೆಲ್ಬರ್ನ್ ಟೆಸ್ಟಿನಲ್ಲಿ ಮಳೆಗೆ ನೆನೆದ ಪಿಚ್ ಒಣಗಲೆಂದು ಬ್ರಾಡ್‌ಮನ್ ಬಾಲಂಗೋಚಿಗಳನ್ನೇ ಮೊದಲು ಕಳಿಸಿದರು, ತಾವು ಏಳನೆಯವರಾಗಿ ಬಂದು 270 ಹೊಡೆದರು. ಅಲ್ಲಿ ಆಲೋಚನೆ ಮೊದಲು, ಫಲ ಆಮೇಲೆ. ಫಲ ಕಂಡ ಮೇಲೆ ಆಲೋಚನೆಯನ್ನು ಆರೋಪಿಸುವುದಕ್ಕೆ ನನ್ನ ತಕರಾರು. ಆಕಸ್ಮಿಕವೆಂದರೆ ಆಟಗಾರನ ಹಿರಿಮೆ ಕುಗ್ಗುತ್ತದೆಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದಕ್ಕೆ ಆಕ್ಲೆಂಡಿನ ಏಕದಿನ ಪಂದ್ಯ ಉತ್ತರಿಸುತ್ತದೆ. 1994ರ ಮಾರ್ಚ್ 27ರಂದು ಸಿದ್ಧು ಅವರ ಕುತ್ತಿಗೆ ಹಿಡಿದುಕೊಂಡಿತು, ಆರಂಭಿಕನ ಜಾಗ ತೆರವಾಯಿತು. ಏಕದಿನ ಪಂದ್ಯದ ಗತಿಯನ್ನೇ ಬದಲಿಸಿದ ಸಚಿನ್‌ರ ಆರಂಭಿಕ ಪಟ್ಟ ಮೊದಲಾದದ್ದು ಯಾವ ಯೋಜನೆಯಿಂದಲೂ ಅಲ್ಲ, ಆ ನೋವಿನಿಂದ. ಆದರೆ ತೆರೆದ ಬಾಗಿಲಲ್ಲಿ ಅವರು ಸುಮ್ಮನೆ ನಿಂತಿರಲಿಲ್ಲ. ಒಂದು ಅವಕಾಶ ಕೊಡಿ ಎಂದು ನಾಯಕ ಅಜರುದ್ದೀನ್ ಮತ್ತು ತಂಡದ ವ್ಯವಸ್ಥಾಪಕ ವಾಡೇಕರ್ ಅವರನ್ನು ತಾವೇ ಬೇಡಿಕೊಂಡರು. ವಿಫಲನಾದರೆ ಮತ್ತೆಂದೂ ಕೇಳೆನೆಂದೂ ಹೇಳಿದರು. ಅಂದು ಅವರ ಬ್ಯಾಟಿನಿಂದ ಬಂದದ್ದು 49 ಎಸೆತಗಳಲ್ಲಿ 82 ರನ್.